‘ಗೆಟ್’ ಅಂದರೆ ‘ಪಡೆ’ ಎಂದು ಕಲಿತವರಿಗೆ

ಪ್ರಶ್ನೆ: ಮೇಡಂ, ನಾನು ಹಾವೇರಿ ಜಿಲ್ಲೆಯವನು. ಕನ್ನಡ ಮಾಧ್ಯಮದಲ್ಲಿ ಓದಿ ಬಿ.ಕಾಂ. ಮುಗಿಸಿ, ಎಂಟು ತಿಂಗಳಿಂದ ಬೆಂಗಳೂರಿನಲ್ಲಿ ಸರಕು ಸಾಗಣೆಯ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಶಾಲೆಯಲ್ಲಿ ‘ಗೆಟ್’ ಅಂದರೆ ‘ಪಡೆ’ ಎಂದು ಬಾಯಿಪಾಠ ಮಾಡಿಸಿದ್ದರು. ಇಲ್ಲಿ ಆ ಅರ್ಥ ಎಲ್ಲೂ ಹೊಂದುತ್ತಿಲ್ಲ. ಮ್ಯಾನೇಜರ್ ‘ಗೆಟ್ ದಿಸ್ ಸೈನ್ಡ್’ ಎಂದು ಮೆಸೇಜ್ ಕಳಿಸಿದಾಗ ಡೆಲಿವರಿ ಚಲನ್‌ಗೆ ನಾನೇ ಸಹಿ ಹಾಕಿಬಿಟ್ಟೆ. ಗ್ರಾಹಕರ ಸಹಿ ಬೇಕಿತ್ತಂತೆ. ಇನ್ನೊಮ್ಮೆ ‘ಗೆಟ್ ಬ್ಯಾಕ್ ಟು ಮಿ ಬೈ ಫೋರ್’ ಅಂದಿದ್ದಕ್ಕೆ ಪೀಣ್ಯದಲ್ಲಿದ್ದ ಕೆಲಸ ಬಿಟ್ಟು ಬಸ್ಸು ಹತ್ತಿ ನಾಲ್ಕು ಗಂಟೆಗೆ ಅವರ ಮುಂದೆ ಹೋಗಿ ನಿಂತೆ. ನಿಘಂಟು ತೆರೆದರೆ ಈ ಒಂದು ಪದಕ್ಕೆ ಪುಟಗಟ್ಟಲೆ ಅರ್ಥ. ಇದನ್ನು ಕಲಿಯುವುದು ಹೇಗೆ? ಅಂದಹಾಗೆ, ಅಮೆರಿಕದ ಗ್ರಾಹಕರೊಬ್ಬರು ‘ಗಾಟನ್’ ಎಂದು ಬರೆಯುತ್ತಾರೆ. ಅದು ತಪ್ಪಲ್ಲವೇ?

ಉತ್ತರ: ನಿಮ್ಮ ಪತ್ರ ಓದಿ ನನಗೆ ನೋವಾಯಿತು. ನಾಲ್ಕಕ್ಕೆ ಸರಿಯಾಗಿ ಹೋಗಿ ನಿಂತವರು ನೀವು. ಕೆಲಸದ ಮೇಲೆ ನಿಮಗಿರುವ ನಿಷ್ಠೆ ಅದರಲ್ಲೇ ಗೊತ್ತಾಗುತ್ತದೆ. ಕೈಕೊಟ್ಟಿದ್ದು ನಾವು ಮೇಷ್ಟರುಗಳು ಕಲಿಸಿದ ಆ ‘ಪಡೆ’.

ಒಂದು ದಿನ ನೀವಾಡುವ ಕನ್ನಡವನ್ನೇ ಗಮನಿಸಿ ನೋಡಿ. ‘ಬಸ್ ಪಡೆದೆ’ ಅನ್ನುತ್ತೀರಾ? ‘ಬಸ್ ಸಿಕ್ತು’ ಅನ್ನುತ್ತೀರಿ. ‘ನೆಗಡಿ ಪಡೆದೆ’ ಅಂತ ಯಾರೂ ಹೇಳುವುದಿಲ್ಲ, ‘ನೆಗಡಿ ಆಯ್ತು’ ಅನ್ನುತ್ತಾರೆ. ‘ಪಡೆ’ ಎಂಬುದು ಪದವಿ, ಪ್ರಶಸ್ತಿ, ಅನುಮತಿ, ಸುತ್ತೋಲೆಗಳ ಜೊತೆ ಓಡಾಡುವ ಪದ. ಇಂಗ್ಲಿಷಿನಲ್ಲಿ ಅದಕ್ಕೆ ತಕ್ಕ ಜೋಡಿ ‘ರಿಸೀವ್’ ಮತ್ತು ‘ಒಬ್ಟೇನ್’. ‘ಗೆಟ್’ ಇರುವುದು ಅಡುಗೆಮನೆಯಲ್ಲಿ, ಬಸ್ ಸ್ಟಾಪಿನಲ್ಲಿ, ಫೋನಿನ ಮಾತಿನಲ್ಲಿ. ಅದಕ್ಕೆ ‘ಪಡೆ’ ಎಂಬ ಅರ್ಥ ಕೊಟ್ಟದ್ದು ಗದ್ದೆಗೆ ಹೊರಟವನಿಗೆ ರೇಷ್ಮೆ ಪಂಚೆ ಉಡಿಸಿದ ಹಾಗಾಯಿತು.

ಹಾಗಾದರೆ ‘ಗೆಟ್’ಗೆ ಕನ್ನಡದಲ್ಲಿ ಏನನ್ನಬೇಕು? ಒಂದೇ ಪದ ಹುಡುಕಬೇಡಿ. ನೀವು ಹುಟ್ಟಿದಾಗಿನಿಂದ ಆಡುತ್ತಿರುವ ಮೂರು ಬಗೆಯ ವಾಕ್ಯಗಳು ಅದರ ಬಹುಪಾಲು ಕೆಲಸ ಮಾಡುತ್ತವೆ: ‘ನನಗೆ ಸಿಕ್ತು’, ‘ಆಯ್ತು’, ‘ಮಾಡಿಸ್ಕೊಂಡೆ’. ಇಷ್ಟು ವರ್ಷ ಕನ್ನಡ ಬಲ್ಲ ಮಕ್ಕಳಿಗೆ ಇಂಗ್ಲಿಷ್ ಕಲಿಸಿದ ಮೇಲೆ ನನಗೆ ಖಚಿತವಾಗಿರುವ ಮಾತು ಇದು. ‘ಗೆಟ್’ ಕಲಿಯಲು ಇಂಗ್ಲಿಷ್ ನಿಘಂಟಿಗಿಂತ ನಿಮ್ಮ ಸ್ವಂತ ಕನ್ನಡವೇ ಹೆಚ್ಚು ನೆರವಾಗುತ್ತದೆ.

ಮೊದಲು ‘ನನಗೆ’ ತೆಗೆದುಕೊಳ್ಳೋಣ. ನನಗೆ ಕೆಲಸ ಸಿಕ್ತು. ನನಗೆ ಪತ್ರ ಬಂತು. ನನಗೆ ಸಿಟ್ಟು ಬಂತು. ನನಗೆ ಶೀತ ಆಯ್ತು. ನನಗೆ ಅರ್ಥ ಆಯ್ತು. ಈ ಐದೂ ವಾಕ್ಯಗಳಲ್ಲಿ ‘ನಾನು’ ಏನನ್ನೂ ಮಾಡುತ್ತಿಲ್ಲ. ಏನೋ ಒಂದು ನನ್ನ ಕಡೆಗೆ ಬಂದು ತಲುಪುತ್ತಿದೆ. ಕನ್ನಡ ಅದನ್ನು ಪ್ರಾಮಾಣಿಕವಾಗಿ ‘ನನಗೆ’ ಎಂದು ಹೇಳುತ್ತದೆ. ಇಂಗ್ಲಿಷ್ ‘ಐ’ ಎಂದು ನನ್ನನ್ನೇ ವಾಕ್ಯದ ಮುಂದೆ ನಿಲ್ಲಿಸಿ, ಆ ‘ಬಂದು ತಲುಪಿತು’ ಅನ್ನುವ ಭಾವವನ್ನೆಲ್ಲ ‘ಗೆಟ್’ ಒಳಗೆ ತುಂಬುತ್ತದೆ. ಐ ಗಾಟ್ ಎ ಜಾಬ್. ಐ ಗಾಟ್ ಎ ಲೆಟರ್. ಐ ಗಾಟ್ ಆಂಗ್ರಿ. ಐ ಗಾಟ್ ಎ ಕೋಲ್ಡ್. ಐ ಗಾಟ್ ಇಟ್. ನಮ್ಮಲ್ಲಿ ಸಿಗು, ಬರು, ಆಗು ಎಂಬ ಮೂರು ಕ್ರಿಯಾಪದಗಳು ಹಂಚಿಕೊಂಡ ಕೆಲಸವನ್ನು ಅಲ್ಲಿ ಒಂದೇ ಪದ ಹೊರುತ್ತದೆ.

ಇಂಗ್ಲಿಷಿನಲ್ಲೂ ಹಿಂದೆ ನಮ್ಮಂಥದೇ ‘ನನಗೆ’ ವಾಕ್ಯಗಳಿದ್ದವು. ಹಳೆಯ ನಾಟಕಗಳಲ್ಲಿ ಬರುವ ‘ಮಿಥಿಂಕ್ಸ್’ ಎಂಬ ಪದವನ್ನು ಬಿಡಿಸಿದರೆ ಸಿಗುವುದು ‘ನನಗೆ ಅನ್ನಿಸುತ್ತೆ’ ಎಂಬುದೇ. ಆ ಬಗೆಯ ವಾಕ್ಯ ಅಲ್ಲಿ ಸವೆದುಹೋಯಿತು, ನಮ್ಮಲ್ಲಿ ಗಟ್ಟಿಯಾಗಿ ಉಳಿಯಿತು. ಆದ್ದರಿಂದ ‘ನನಗೆ’ ಎಂದು ಶುರುವಾಗಿ ‘ಸಿಕ್ತು, ಬಂತು, ಆಯ್ತು’ ಎಂದು ಮುಗಿಯುವ ವಾಕ್ಯ ನಿಮ್ಮ ನಾಲಿಗೆಗೆ ಬಂದಾಗಲೆಲ್ಲ ‘ಐ ಗಾಟ್’ ಹೊಂದುತ್ತದೆಯೇ ಎಂದು ನೋಡಿ. ಹೊಂದುವುದೇ ಹೆಚ್ಚು.

ಹೊಂದದಿರುವುದೂ ಇದೆ. ‘ನನಗೆ ಈಜು ಬರುತ್ತೆ’ ಅನ್ನುವಲ್ಲಿ ಏನೂ ಹೊಸದಾಗಿ ಬಂದು ತಲುಪುತ್ತಿಲ್ಲ, ಅದು ಮೊದಲೇ ಇರುವ ಶಕ್ತಿ. ಅಲ್ಲಿ ‘ಗೆಟ್’ಗೆ ಜಾಗವಿಲ್ಲ, ‘ಐ ಕ್ಯಾನ್ ಸ್ವಿಮ್’ ಅನ್ನಬೇಕು. ‘ಗೆಟ್’ ಬರುವುದಕ್ಕೆ ಬದಲಾವಣೆಯೊಂದು ನಡೆದಿರಬೇಕು. ಇಲ್ಲದ್ದು ಬರಬೇಕು, ಹೀಗಿದ್ದದ್ದು ಹಾಗಾಗಬೇಕು, ಇಲ್ಲಿದ್ದವನು ಅಲ್ಲಿಗೆ ಮುಟ್ಟಬೇಕು.

ಈ ಬದಲಾವಣೆಯ ಮಾತು ಚೆನ್ನಾಗಿ ಕಾಣುವುದು ‘ಆಗು’ ಕ್ರಿಯಾಪದದಲ್ಲಿ. ‘ಕತ್ತಲಾಗ್ತಿದೆ’ ಮತ್ತು ‘ಕತ್ತಲಾಗಿದೆ’ ಎಂಬುದರ ನಡುವಿನ ಅಂತರ ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಮೊದಲನೆಯದು ‘ಇಟ್ ಈಸ್ ಗೆಟಿಂಗ್ ಡಾರ್ಕ್’, ಎರಡನೆಯದು ‘ಇಟ್ ಈಸ್ ಡಾರ್ಕ್’. ‘ಹಸಿವಾಗ್ತಿದೆ’ ಅಂದರೆ ‘ಐ ಆಮ್ ಗೆಟಿಂಗ್ ಹಂಗ್ರಿ’, ‘ಹಸಿವಾಗಿದೆ’ ಅಂದರೆ ‘ಐ ಆಮ್ ಹಂಗ್ರಿ’. ಆಗುತ್ತಿರುವುದು ‘ಗೆಟ್’, ಆಗಿ ಮುಗಿದಿರುವುದು ‘ಬಿ’. ಮದುವೆಯ ವಿಷಯದಲ್ಲಿ ನಮ್ಮವರು ತಪ್ಪುವುದು ಇಲ್ಲೇ. ‘2019ರಲ್ಲಿ ನನಗೆ ಮದುವೆ ಆಯ್ತು’ ಎಂಬುದಕ್ಕೆ ‘ಐ ಆಮ್ ಮ್ಯಾರೀಡ್ ಇನ್ 2019’ ಅಂದುಬಿಡುತ್ತಾರೆ. ಆದದ್ದನ್ನು ಹೇಳುವಾಗ ‘ಐ ಗಾಟ್ ಮ್ಯಾರೀಡ್ ಇನ್ 2019’. ಈಗಿನ ಸ್ಥಿತಿ ಹೇಳುವಾಗ ‘ಐ ಆಮ್ ಮ್ಯಾರೀಡ್’. ಯಾರ ಜೊತೆ ಎಂದು ಹೇಳಬೇಕಾದರೆ ನಮ್ಮ ‘ಜೊತೆ’ಯನ್ನು ನಂಬಿ ‘ವಿತ್’ ಹಾಕಬೇಡಿ, ಅಲ್ಲಿ ‘ಟು’ ಬರುತ್ತದೆ.

ಇನ್ನೊಂದು ಎಚ್ಚರಿಕೆ. ‘ಆಗು’ ಕಂಡಲ್ಲೆಲ್ಲ ‘ಗೆಟ್’ ಹಾಕುವಂತಿಲ್ಲ. ‘ಅವಳು ಡಾಕ್ಟರ್ ಆದಳು’ ಎಂಬಲ್ಲಿ ‘ಆಗು’ವಿನ ಹಿಂದಿರುವುದು ನಾಮಪದ. ಅಲ್ಲಿ ‘ಶಿ ಬಿಕೇಮ್ ಎ ಡಾಕ್ಟರ್’. ದಪ್ಪ, ಸಣ್ಣ, ಬಿಸಿ, ತಣ್ಣಗೆ, ಸುಸ್ತು ಮುಂತಾದ ಸ್ಥಿತಿಯ ಮಾತುಗಳು ಬಂದಾಗ ‘ಗೆಟ್’. ‘ಕಾಫಿ ಆರಿಹೋಗ್ತಿದೆ’ ಎಂದು ಮನೆಯಲ್ಲಿ ಕೂಗುತ್ತೇವಲ್ಲ, ಅದು ‘ಯುವರ್ ಕಾಫಿ ಈಸ್ ಗೆಟಿಂಗ್ ಕೋಲ್ಡ್’.

ಈಗ ನಿಮ್ಮ ಕಚೇರಿಗೇ ಬರೋಣ. ಅಲ್ಲಿ ನೀವು ಆಡುವ ಕನ್ನಡದಲ್ಲಿ ಇಂಗ್ಲಿಷ್ ಪದದ ಬೆನ್ನಿಗೆ ‘ಆಯ್ತು’ ಅಂಟಿಸಿದ ಮಾತು ದಿನಕ್ಕೆಷ್ಟು ಬರುತ್ತದೋ ಲೆಕ್ಕವಿಲ್ಲ. ಫೈಲ್ ಡಿಲೀಟ್ ಆಯ್ತು. ಅವರಿಗೆ ಟ್ರಾನ್ಸ್‌ಫರ್ ಆಯ್ತು. ಇಬ್ಬರು ಸೆಲೆಕ್ಟ್ ಆದರು. ಆರ್ಡರ್ ಕ್ಯಾನ್ಸಲ್ ಆಯ್ತು. ನಾನು ಕನ್‌ಫ್ಯೂಸ್ ಆದೆ. ಇವುಗಳನ್ನು ಇಂಗ್ಲಿಷಿಗೆ ದಾಟಿಸಲು ‘ಆಯ್ತು’ ತೆಗೆದು ಮುಂದೆ ‘ಗಾಟ್’ ಇಡಿ, ಪದದ ಕೊನೆಗೆ ‘ಡ್’ ಹಚ್ಚಿ. ಗಾಟ್ ಡಿಲೀಟೆಡ್, ಗಾಟ್ ಟ್ರಾನ್ಸ್‌ಫರ್ಡ್, ಗಾಟ್ ಸೆಲೆಕ್ಟೆಡ್, ಗಾಟ್ ಕ್ಯಾನ್ಸಲ್ಡ್, ಗಾಟ್ ಕನ್‌ಫ್ಯೂಸ್ಡ್. ಆ ಕೊನೆಯ ‘ಡ್’ ಮರೆಯುವುದೇ ನಮ್ಮವರ ದೊಡ್ಡ ತಪ್ಪು. ‘ಬೋರ್ ಆಗ್ತಿದೆ’ ಎಂಬುದನ್ನು ‘ಐ ಆಮ್ ಗೆಟಿಂಗ್ ಬೋರ್’ ಅನ್ನುವವರನ್ನು ಬೆಂಗಳೂರಿನ ಯಾವ ಕಚೇರಿಯಲ್ಲಾದರೂ ಕೇಳಬಹುದು. ‘ಗೆಟಿಂಗ್ ಬೋರ್ಡ್’ ಆಗಬೇಕು.

ಆದರೆ ‘ರಿಟೈರ್ ಆದೆ’ ಅನ್ನುವುದಕ್ಕೆ ‘ಗಾಟ್ ರಿಟೈರ್ಡ್’ ಅನ್ನುವಂತಿಲ್ಲ. ‘ಲೈಸೆನ್ಸ್ ಎಕ್ಸ್‌ಪೈರ್ ಆಯ್ತು’ ಅನ್ನುವುದಕ್ಕೆ ‘ಗಾಟ್ ಎಕ್ಸ್‌ಪೈರ್ಡ್’ ಕೂಡದು. ‘ಐ ರಿಟೈರ್ಡ್’, ‘ಇಟ್ ಎಕ್ಸ್‌ಪೈರ್ಡ್’ ಅಷ್ಟೇ. ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂದು ತಿಳಿಯಲು ನಾನು ತರಗತಿಯಲ್ಲಿ ಒಂದು ಪರೀಕ್ಷೆ ಇಟ್ಟುಕೊಂಡಿದ್ದೆ. ‘ಆಯ್ತು’ ತೆಗೆದು ‘ಮಾಡಿದರು’ ಹಾಕಿ ನೋಡಿ. ‘ಟ್ರಾನ್ಸ್‌ಫರ್ ಮಾಡಿದರು’ ಸರಿಹೋಗುತ್ತದೆ, ಹಾಗಾಗಿ ‘ಗಾಟ್ ಟ್ರಾನ್ಸ್‌ಫರ್ಡ್’. ‘ಲೈಸೆನ್ಸನ್ನು ಎಕ್ಸ್‌ಪೈರ್ ಮಾಡಿದರು’ ಎಂದು ಯಾರೂ ಹೇಳುವುದಿಲ್ಲ, ಅದು ತಾನಾಗಿ ಮುಗಿಯಿತು, ಹಾಗಾಗಿ ‘ಗಾಟ್’ ಇಲ್ಲ. ‘ಪಾಸ್’ ಎಂಬ ಒಂದೇ ಪದ ಎರಡೂ ಕಡೆ ನಿಲ್ಲುತ್ತದೆ ನೋಡಿ: ಹುಡುಗ ತಾನೇ ಪರೀಕ್ಷೆ ಬರೆದು ಪಾಸಾದ, ಅದು ‘ಹಿ ಪಾಸ್ಡ್’. ಬಿಲ್ಲನ್ನು ಮೇಲಿನವರು ಪಾಸ್ ಮಾಡಿದರು, ಅದು ‘ದ ಬಿಲ್ ಗಾಟ್ ಪಾಸ್ಡ್’. ಫೇಲಾದವನಿಗೂ ‘ಗಾಟ್’ ಸೇರಿಸಬೇಡಿ, ‘ಹಿ ಫೇಲ್ಡ್’ ಸಾಕು. ಮೇಷ್ಟರು ಫೇಲ್ ಮಾಡಿದರು ಎಂದು ಎಷ್ಟು ಹುಡುಗರು ದೂರಿದರೂ ಇಂಗ್ಲಿಷ್ ಅಲ್ಲಿ ಒಪ್ಪುವುದಿಲ್ಲ.

ಇನ್ನು ನಿಮ್ಮ ಸಹಿಯ ವಿಷಯ. ಇದಕ್ಕೆ ಹೆಚ್ಚು ಹೊತ್ತು ಕೊಡುತ್ತೇನೆ, ಏಕೆಂದರೆ ‘ಗೆಟ್’ ಮತ್ತು ಕನ್ನಡ ಎದುರುಬದುರು ಕೂತು ಮಾತಾಡುವ ಜಾಗ ಇದೇ.

ಕನ್ನಡದಲ್ಲಿ ‘ಮಾಡಿದೆ’ ಬೇರೆ, ‘ಮಾಡಿಸಿದೆ’ ಬೇರೆ. ಒಂದು ‘ಇಸು’ ಸೇರಿಸಿದರೆ ಸಾಕು, ಕೆಲಸ ಮಾಡಿದವರು ಬೇರೆಯವರು ಎಂದು ಗೊತ್ತಾಗುತ್ತದೆ. ಬರೆ, ಬರೆಸು. ಕಟ್ಟು, ಕಟ್ಟಿಸು. ಓದು, ಓದಿಸು. ಈಗಿನ ಇಂಗ್ಲಿಷಿನಲ್ಲಿ ಹೀಗೆ ಎಲ್ಲ ಕ್ರಿಯಾಪದಕ್ಕೂ ಅಂಟಿಸಬಹುದಾದ ಬಾಲವಿಲ್ಲ. ಬಹಳ ಹಿಂದೆ ಇತ್ತು. ಅದರ ಪಳೆಯುಳಿಕೆಗಳು ಇನ್ನೂ ಅಲ್ಲಲ್ಲಿ ಕಾಣುತ್ತವೆ: ‘ಸಿಟ್’ ಅಂದರೆ ಕೂರು, ‘ಸೆಟ್’ ಅಂದರೆ ಮೂಲದಲ್ಲಿ ಕೂರಿಸು. ‘ಫಾಲ್’ ಅಂದರೆ ಬೀಳು, ಮರದ ವಿಷಯದಲ್ಲಿ ‘ಫೆಲ್’ ಅಂದರೆ ಬೀಳಿಸು. ‘ಡ್ರಿಂಕ್’ ಅಂದರೆ ಕುಡಿ, ‘ಡ್ರೆಂಚ್’ ಅಂದರೆ ಮೊದಲಿಗೆ ಕುಡಿಸು ಎಂದೇ ಅರ್ಥ, ಆಮೇಲೆ ಅದು ತೊಯ್ಯಿಸು ಎಂದಾಯಿತು. ಒಳಗಿನ ಸ್ವರ ಬದಲಾಗಿರುವುದೇ ಆ ಹಳೆಯ ‘ಇಸು’ವಿನ ಗುರುತು. ಆ ದಾರಿ ಮುಚ್ಚಿಹೋದ ಮೇಲೆ ಇಂಗ್ಲಿಷ್ ‘ಮೇಕ್’, ‘ಹ್ಯಾವ್’, ‘ಗೆಟ್’ ಎಂಬ ಬಿಡಿ ಪದಗಳಿಂದ ಈ ಕೆಲಸ ತೆಗೆಯುತ್ತದೆ.

ನಿಮ್ಮ ಮ್ಯಾನೇಜರ್ ಬರೆದದ್ದು ‘ಗೆಟ್ ದಿಸ್ ಸೈನ್ಡ್’. ಮೊದಲು ‘ಗೆಟ್’, ನಡುವೆ ವಸ್ತು, ಕೊನೆಗೆ ಕ್ರಿಯಾಪದದ ಮೂರನೇ ರೂಪ. ಈ ಮೂರು ಈ ಸಾಲಿನಲ್ಲಿ ಬಂದರೆ ಸಾಮಾನ್ಯವಾಗಿ ‘ಇಸು’ ಎಂದು ಓದಿಕೊಳ್ಳಿ. ನಿಮ್ಮೂರಿನ ಮಾತಿನಲ್ಲಿ ಅದು ‘ಸಹಿ ಮಾಡಿಸ್ಕೊಂಡ್ ಬಾ’. ‘ಸೈನ್ ದಿಸ್’ ಎಂದಿದ್ದರೆ ನೀವೇ ಹಾಕಬೇಕಿತ್ತು. ಇದೇ ಅಚ್ಚಿನಲ್ಲಿ ಎಷ್ಟು ಬೇಕಾದರೂ ಎರಕ ಹೊಯ್ಯಬಹುದು. ಗಾಡಿ ಸರ್ವಿಸ್ ಮಾಡಿಸಿದೆ: ಐ ಗಾಟ್ ಮೈ ಬೈಕ್ ಸರ್ವಿಸ್ಡ್. ಹಲ್ಲು ಕೀಳಿಸಿಕೊಂಡೆ: ಐ ಗಾಟ್ ಮೈ ಟೂತ್ ಪುಲ್ಡ್ ಔಟ್. ಕಟಿಂಗ್ ಮಾಡಿಸ್ಕೊಂಡೆ: ಐ ಗಾಟ್ ಮೈ ಹೇರ್ ಕಟ್. ಈ ಕೊನೆಯದನ್ನು ನಮ್ಮವರು ‘ಐ ಕಟ್ ಮೈ ಹೇರ್’ ಅನ್ನುತ್ತಾರೆ. ಕೇಳಿದವರು ನೀವೇ ಕನ್ನಡಿ ಮುಂದೆ ಕತ್ತರಿ ಹಿಡಿದಿರಿ ಎಂದುಕೊಳ್ಳುತ್ತಾರೆ. ‘ಮನೆ ಕಟ್ಟಿಸಿದೆ’ ಅನ್ನುವಲ್ಲಿಯೂ ‘ಐ ಗಾಟ್ ಎ ಹೌಸ್ ಬಿಲ್ಟ್’ ಅನ್ನಬಹುದು. ಆದರೆ ಇಂಗ್ಲಿಷಿನವರು ಅಲ್ಲಿ ಧಾರಾಳವಾಗಿ ‘ಐ ಬಿಲ್ಟ್ ಎ ಹೌಸ್’ ಎಂದೂ ಹೇಳುತ್ತಾರೆ, ಗಾರೆಯವರು ಕಟ್ಟಿದ್ದು ಎಂದು ಕೇಳುವವರಿಗೆ ಗೊತ್ತಿರುತ್ತದೆ.

ಮಾಡುವವರ ಹೆಸರನ್ನೇ ಹೇಳಬೇಕಾದರೆ ಸಾಲು ಬದಲಾಗುತ್ತದೆ. ‘ಪ್ಲಂಬರ್ ಕೈಲಿ ನಲ್ಲಿ ರಿಪೇರಿ ಮಾಡಿಸು’ ಎಂಬುದು ‘ಗೆಟ್ ದ ಪ್ಲಂಬರ್ ಟು ಫಿಕ್ಸ್ ದ ಟ್ಯಾಪ್’. ‘ಕೈಲಿ’ ಎಂಬ ನಮ್ಮ ಪದದ ಕೆಲಸವನ್ನು ಅಲ್ಲಿ ‘ಟು’ ಮಾಡುತ್ತಿದೆ ಎಂದುಕೊಳ್ಳಿ. ‘ಮೇಕ್’ ಮತ್ತು ‘ಹ್ಯಾವ್’ ಬಂದಾಗ ಆ ‘ಟು’ ಇರುವುದಿಲ್ಲ: ಮೇಕ್ ಹಿಮ್ ಸೈನ್, ಹ್ಯಾವ್ ಹಿಮ್ ಸೈನ್, ಗೆಟ್ ಹಿಮ್ ಟು ಸೈನ್. ಅರ್ಥದಲ್ಲೂ ಸೂಕ್ಷ್ಮ ಅಂತರವಿದೆ. ‘ಮೇಕ್’ನಲ್ಲಿ ಬಲವಂತ ಇದೆ. ‘ಹ್ಯಾವ್’ ಹೇಳಿ ಮಾಡಿಸಿದ್ದು, ಅಧಿಕಾರ ಇರುವವರ ಮಾತು. ‘ಗೆಟ್’ನಲ್ಲಿ ಒಪ್ಪಿಸಿ, ಪುಸಲಾಯಿಸಿ, ಸ್ವಲ್ಪ ಓಡಾಡಿ ಮಾಡಿಸಿದ ಶ್ರಮ ಇದೆ. ಗ್ರಾಹಕರ ಹತ್ತಿರ ಸಹಿ ಹಾಕಿಸಿಕೊಳ್ಳುವವರಿಗೆ ಹೊಂದುವುದು ಇದೇ.

ಈಗ ನಾನು ಬಹಳ ಪ್ರೀತಿಸುವ ಒಂದು ಸಂಗತಿ. ‘ಕಟಿಂಗ್ ಮಾಡಿಸ್ಕೊಂಡೆ’ ಅನ್ನುತ್ತೇವೆ. ‘ಅಪ್ಪನ ಹತ್ತಿರ ಬೈಸ್ಕೊಂಡೆ’ ಎಂದೂ ಅನ್ನುತ್ತೇವೆ. ಎರಡರ ಕೊನೆಯೂ ಒಂದೇ, ‘ಇಸಿಕೊಂಡೆ’. ಮೊದಲನೆಯದನ್ನು ನಾನು ಬೇಕೆಂದೇ ಮಾಡಿಸಿದ್ದು. ಎರಡನೆಯದು ಬೇಡದಿದ್ದರೂ ನನ್ನ ಮೇಲೆ ಬಂದದ್ದು. ಇಂಗ್ಲಿಷಿನ ‘ಗೆಟ್’ ಕೂಡ ಹೀಗೆಯೇ ಎರಡಕ್ಕೂ ಆಗುತ್ತದೆ: ಐ ಗಾಟ್ ಮೈ ಹೇರ್ ಕಟ್, ಐ ಗಾಟ್ ಸ್ಕೋಲ್ಡೆಡ್. ಹೊಡೆಸಿಕೊಂಡೆ, ಕಚ್ಚಿಸಿಕೊಂಡೆ, ಬೈಸಿಕೊಂಡೆ ಇವೆಲ್ಲ ಅಲ್ಲಿ ಗಾಟ್ ಬೀಟನ್, ಗಾಟ್ ಬಿಟನ್, ಗಾಟ್ ಸ್ಕೋಲ್ಡೆಡ್. ಪರ್ಸು ಕಳವಾದದ್ದು ‘ಮೈ ಪರ್ಸ್ ಗಾಟ್ ಸ್ಟೋಲನ್’, ಸಿಕ್ಕಿಬಿದ್ದದ್ದು ‘ಹಿ ಗಾಟ್ ಕಾಟ್’.

ಇಷ್ಟು ದೂರದ ಎರಡು ಭಾಷೆಗಳಲ್ಲಿ ಇದು ಹೇಗೆ ಒಂದಾಯಿತು ಎಂದು ನಾನು ಬಹುಕಾಲ ಯೋಚಿಸಿದ್ದೇನೆ. ನಮ್ಮ ‘ಕೊಂಡೆ’ಯ ಮೂಲ ‘ಕೊಳ್’. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಹೊರತಂದ ಕಿಟೆಲ್ ಅವರ ನಿಘಂಟು ತೆರೆದರೆ ಈ ಪದಕ್ಕೆ ಹಿಡಿ, ತೆಗೆದುಕೊ, ಕ್ರಯಕ್ಕೆ ತೆಗೆದುಕೊ ಎಂಬ ಅರ್ಥಗಳೇ ಸಿಗುತ್ತವೆ. ‘ಸಂತೆಯಲ್ಲಿ ಎತ್ತು ಕೊಂಡ’ ಅನ್ನುವಾಗ ಇರುವುದು ಆ ಅರ್ಥವೇ. ‘ಗೆಟ್’ ಕೂಡ ಹಿಡಿದುಕೊಳ್ಳುವ ಪದವಾಗಿಯೇ ಹುಟ್ಟಿದ್ದು. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಒಂಬತ್ತನೇ ಶತಮಾನದಿಂದ ನೆಲೆಯೂರಿದ, ಡೆನ್ಮಾರ್ಕ್ ನಾರ್ವೆಗಳ ಕಡೆಯಿಂದ ಬಂದ ವೈಕಿಂಗರು ಆಡುತ್ತಿದ್ದ ನಾರ್ಸ್ ಭಾಷೆಯ ‘ಗೆಟ’ ಎಂಬ ಪದದಿಂದ ಅದು ಇಂಗ್ಲಿಷಿಗೆ ಬಂತು. ಅದರ ಸೋದರ ಪದವೊಂದು ಇಂಗ್ಲಿಷಿನೊಳಗೆ ಮೊದಲೇ ಇತ್ತು, ಆದರೆ ಒಂಟಿಯಾಗಿ ನಿಲ್ಲದೆ ಬೇರೆ ಪದದ ಬಾಲವಾಗಿತ್ತು. ‘ಫಾರ್ಗೆಟ್’ನಲ್ಲಿ ಈಗಲೂ ಅದೇ ಇದೆ. ಹಿಡಿತ ತಪ್ಪಿತು, ಕೈಜಾರಿತು ಎಂಬ ಭಾವದಿಂದ ‘ಮರೆತೆ’ ಎಂಬ ಅರ್ಥ. ಅಂತೂ ಕೈಯಲ್ಲಿ ಹಿಡಿಯುವ ಒಂದು ಪದ ಅಲ್ಲಿಯೂ ಇಲ್ಲಿಯೂ ನಿಧಾನವಾಗಿ ತನ್ನ ಭಾರ ಕಳಚಿಕೊಂಡು, ‘ನನ್ನ ಪಾಲಿಗೆ ಬಂತು’ ಎಂದು ಹೇಳುವ ಸಹಾಯಕ ಪದವಾಯಿತು.

‘ಐ ಗಾಟ್ ಇಟ್’ ಎಂಬುದಕ್ಕೆ ‘ಅರ್ಥವಾಯ್ತು’ ಎಂಬ ಅರ್ಥ ಹೇಗೆ ಬಂತು ಎನ್ನುವುದಕ್ಕೂ ಉತ್ತರ ಇಲ್ಲೇ ಇದೆ. ನಾವು ಸಂಸ್ಕೃತದಿಂದ ತಂದುಕೊಂಡ ‘ಗ್ರಹಿಸು’ ಎಂಬುದರ ಮೂಲಾರ್ಥವೂ ಹಿಡಿಯುವುದೇ. ನಿಮ್ಮ ಕಡೆ ‘ತಲಿಗೆ ಹತ್ತಲಿಲ್ಲ’ ಅನ್ನುತ್ತೀರಲ್ಲ, ಅದನ್ನು ‘ಐ ಡಿಡಿಂಟ್ ಗೆಟ್ ಇಟ್’ ಎಂದು ಧೈರ್ಯವಾಗಿ ಹೇಳಿ. ‘ಐ ಡಿಡಿಂಟ್ ಗೆಟ್ ಯು’ ಎಂಬುದು ನಮ್ಮ ಕಚೇರಿಗಳಲ್ಲಿ ಬಹಳ ನಡೆಯುತ್ತದೆ, ಎಲ್ಲರಿಗೂ ತಿಳಿಯುತ್ತದೆ. ಹೊರದೇಶದವರ ಜೊತೆ ಮಾತಾಡುವಾಗ ‘ಐ ಡಿಡಿಂಟ್ ಗೆಟ್ ದಟ್’ ಅನ್ನುವುದು ಹೆಚ್ಚು ಸಹಜ.

ಇನ್ನು ಓಡಾಟ. ‘ಎಷ್ಟೊತ್ತಿಗೆ ಊರು ಮುಟ್ಟಿದಿ?’ ಎಂದು ನಿಮ್ಮ ಅವ್ವ ಫೋನಿನಲ್ಲಿ ಕೇಳುತ್ತಾರೆ. ಆ ‘ಮುಟ್ಟು’ ಕೂಡ ‘ಗೆಟ್’. ವಾಟ್ ಟೈಮ್ ಡಿಡ್ ಯು ಗೆಟ್ ದೇರ್? ಆಫೀಸು ಮುಟ್ಟಿದರೆ ‘ಗಾಟ್ ಟು ದ ಆಫೀಸ್’, ಮನೆ ಮುಟ್ಟಿದರೆ ‘ಟು’ ಇಲ್ಲದೆ ಬರೀ ‘ಗಾಟ್ ಹೋಮ್’. ಬಸ್ಸು, ರೈಲು, ಮೆಟ್ರೊ ಹತ್ತುವುದು ‘ಗೆಟ್ ಆನ್’, ಇಳಿಯುವುದು ‘ಗೆಟ್ ಆಫ್’. ಕಾರು, ಆಟೊ ಆದರೆ ‘ಗೆಟ್ ಇನ್’, ‘ಗೆಟ್ ಔಟ್’. ಒಳಗೆ ನೆಟ್ಟಗೆ ನಿಂತು ನಡೆದಾಡಬಹುದಾದ ವಾಹನಕ್ಕೆ ‘ಆನ್’, ಬಗ್ಗಿ ಒಳಸೇರಿ ಕೂರಬೇಕಾದದ್ದಕ್ಕೆ ‘ಇನ್’ ಎಂದು ನೆನಪಿಟ್ಟರೆ ಸಾಮಾನ್ಯವಾಗಿ ತಪ್ಪುವುದಿಲ್ಲ. ನಿಮ್ಮ ಬೈಕು, ಸೈಕಲ್ಲು ಮಾತ್ರ ಮೇಲೆ ಹತ್ತಿ ಕೂರುವಂಥವು, ಅವಕ್ಕೂ ‘ಆನ್’. ನಮ್ಮ ಬಸ್ಸುಗಳಲ್ಲಿ ‘ಗೆಟ್ ಡೌನ್’ ಅನ್ನುವುದು ಭಾರತದ ಇಂಗ್ಲಿಷಿನ ರೂಢಿ. ಇಲ್ಲಿ ಅದನ್ನು ತಪ್ಪು ಎಂದು ತಿದ್ದುವ ಗೋಜಿಗೆ ನಾನು ಹೋಗುವುದಿಲ್ಲ. ಆದರೆ ಲಂಡನ್ನಿನಲ್ಲಿ ಅದನ್ನೇ ಜೋರಾಗಿ ಕೂಗಿದರೆ ‘ಬಗ್ಗಿ, ತಲೆ ತಗ್ಗಿಸಿ’ ಎಂದುಕೊಂಡಾರು.

‘ಗೆಟ್ ಬ್ಯಾಕ್ ಟು ಮಿ’ ಎಂಬುದು ಓಡಾಟದಂತೆ ಕಂಡರೂ ಇಲ್ಲಿ ಮರಳಿ ಬರಬೇಕಾದದ್ದು ಉತ್ತರ. ‘ವಿಚಾರಿಸಿ ತಿಳಿಸು’ ಎಂದು ನಾವು ಹೇಳುತ್ತೇವಲ್ಲ, ಅಷ್ಟೇ. ‘ಟು’ ಆದಮೇಲೆ ವ್ಯಕ್ತಿ ಇದ್ದರೆ, ಅದರಲ್ಲೂ ಕಚೇರಿಯ ಮಾತಾದರೆ, ಉತ್ತರ ಕೊಡು ಎಂದು ತಿಳಿಯಿರಿ. ‘ಟು’ ಆದಮೇಲೆ ಊರೋ ಆಫೀಸೋ ಬಂದರೆ ನೀವೇ ವಾಪಸ್ ಹೋಗಬೇಕು. ‘ಗೆಟ್ ಬ್ಯಾಕ್ ಟು ವರ್ಕ್’ ಅಂದರೆ ಬಿಟ್ಟ ಕೆಲಸಕ್ಕೆ ಮತ್ತೆ ಕೈಹಾಕು.

ಹೀಗೆ ‘ಗೆಟ್’ ಹಿಂದೆ ಪುಟ್ಟ ಪದ ಸೇರಿ ಹುಟ್ಟುವ ಜೋಡಿಗಳು ಬಹಳ. ಎಲ್ಲವನ್ನೂ ಒಂದೇ ಸಲ ಉರುಹೊಡೆಯುವುದು ಬೇಡ. ಕಚೇರಿಯಲ್ಲಿ ಮೊದಲು ಬೇಕಾಗುವುದು ‘ಗೆಟ್ ಥ್ರೂ’. ‘ಲೈನ್ ಸಿಗ್ತಿಲ್ಲ’ ಎಂಬುದಕ್ಕೆ ‘ಐ ಕಾಂಟ್ ಗೆಟ್ ಥ್ರೂ’ ಅನ್ನಬೇಕು. ನಮ್ಮವರು ಅಲ್ಲಿ ‘ಐ ಆಮ್ ನಾಟ್ ಗೆಟಿಂಗ್’ ಎಂದು ನಿಲ್ಲಿಸಿಬಿಡುತ್ತಾರೆ, ಕೇಳುವವರು ಏನು ಸಿಗುತ್ತಿಲ್ಲ ಎಂದು ಕಾಯುತ್ತಾರೆ. ಇಬ್ಬರಿಗೆ ಹೊಂದಿಕೆಯಾಗುವುದು ‘ಗೆಟ್ ಅಲಾಂಗ್’. ದುಃಖವನ್ನೋ ಕಾಯಿಲೆಯನ್ನೋ ದಾಟಿ ಚೇತರಿಸಿಕೊಳ್ಳುವುದು ‘ಗೆಟ್ ಓವರ್’. ಇದ್ದುದರಲ್ಲಿ ಹೇಗೋ ದಿನ ದೂಡುವುದು ‘ಗೆಟ್ ಬೈ’. ಉಳಿದವು ಎದುರಾದಾಗ ಒಂದೊಂದಾಗಿ ಸೇರಿಸಿಕೊಳ್ಳಿ.

‘ಗೆಟ್ ಮಿ ಎ ಕಾಫಿ’ ಅಂದರೆ ‘ಹೋಗಿ ಒಂದು ಕಾಫಿ ತಗೊಂಬಾ’. ‘ಬ್ರಿಂಗ್’ ಮತ್ತು ‘ಗೆಟ್’ ನಡುವೆ ಒಂದು ಸಣ್ಣ ಭೇದವಿದೆ. ಕೈಯಲ್ಲಿರುವುದನ್ನು ಹೊತ್ತು ಈ ಕಡೆ ಬರುವುದು ‘ಬ್ರಿಂಗ್’. ಇಲ್ಲಿಂದ ಹೋಗಿ, ಅಲ್ಲಿ ತೆಗೆದುಕೊಂಡು, ಮರಳಿ ಬರುವುದು ‘ಗೆಟ್’.

ಇಷ್ಟು ಹೊತ್ತು ಹೇಳಿದ ‘ಬದಲಾವಣೆ’ಯ ಮಾತಿಗೆ ಹೊರಗಿರುವುದರಲ್ಲಿ ಮುಖ್ಯವಾದದ್ದು ‘ಹ್ಯಾವ್ ಗಾಟ್’. ‘ಐ ಹ್ಯಾವ್ ಗಾಟ್ ಟು ಬ್ರದರ್ಸ್’ ಅಂದರೆ ‘ನನಗೆ ಇಬ್ಬರು ಅಣ್ಣತಮ್ಮಂದಿರಿದ್ದಾರೆ’ ಅಷ್ಟೇ, ಈಗ ಹೊಸದಾಗಿ ಸಿಕ್ಕರು ಎಂದಲ್ಲ. ‘ಐ ಹ್ಯಾವ್ ಗಾಟ್ ಟು ಗೋ’ ಅಂದರೆ ‘ನಾನು ಹೋಗಲೇಬೇಕು’. ಮಾತಿನಲ್ಲಿ ಈ ‘ಹ್ಯಾವ್’ ಸವೆದು ಬರೀ ‘ವ್’ ಆಗಿ, ಎಷ್ಟೋ ಸಲ ಅದೂ ಕಿವಿಗೆ ಬೀಳುವುದಿಲ್ಲ. ಕೇಳಿ ಗುರುತಿಸುವುದನ್ನು ಕಲಿಯಿರಿ. ನಿಮ್ಮ ಬಾಯಲ್ಲಿ ‘ಐ ಹ್ಯಾವ್’, ‘ಐ ಹ್ಯಾವ್ ಟು’ ಎಂದರೆ ಯಾವ ಕೊರತೆಯೂ ಇಲ್ಲ.

ಬರವಣಿಗೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಕ್ಕಳ ಪ್ರಬಂಧದಲ್ಲಿ ‘ಗಾಟ್’ ಕಂಡರೆ ಕೆಂಪು ಶಾಯಿಯಲ್ಲಿ ಹೊಡೆದು ‘ರಿಸೀವ್ಡ್’ ಎಂದು ತಿದ್ದುತ್ತಿದ್ದೆ. ನನಗೆ ಕಲಿಸಿದವರೂ ಹಾಗೆಯೇ ತಿದ್ದಿದ್ದರು. ಅದರಿಂದ ನನ್ನ ವಿದ್ಯಾರ್ಥಿಗಳು ಅರ್ಜಿ ಚೆನ್ನಾಗಿ ಬರೆದರು, ಆದರೆ ಅಂಗಡಿಯಲ್ಲಿ ಒಂದು ಸಾಮಾನು ಕೇಳಲು ತಡವರಿಸಿದರು. ಅದನ್ನು ಕಣ್ಣಾರೆ ಕಂಡ ಮೇಲೆ ತಿದ್ದುವುದನ್ನು ಬಿಟ್ಟೆ. ಅರ್ಜಿಯಲ್ಲಿ, ಗ್ರಾಹಕರಿಗೆ ಹೋಗುವ ಅಧಿಕೃತ ಪತ್ರದಲ್ಲಿ ‘ವಿ ಹ್ಯಾವ್ ರಿಸೀವ್ಡ್ ಯುವರ್ ಪೇಮೆಂಟ್’ ಎಂದೇ ಬರೆಯಿರಿ. ಮೆಸೇಜಿನಲ್ಲಿ, ಫೋನಿನಲ್ಲಿ, ಸಹೋದ್ಯೋಗಿಗಳ ಜೊತೆ ‘ಗಾಟ್ ಯುವರ್ ಪೇಮೆಂಟ್’ ಎಂದರೆ ಸೊಗಸು. ನಿಮ್ಮವರು ಬರೆಯುವ ‘ವಿ ಆರ್ ಗೆಟಿಂಗ್ ಲೇಟ್’ ಎಂಬುದೂ ಇಲ್ಲಿ ನಡೆಯುತ್ತದೆ. ಹೊರಗಿನ ಗ್ರಾಹಕರಿಗೆ ಬರೆಯುವಾಗ ಮಾತ್ರ ‘ವಿ ಆರ್ ರನ್ನಿಂಗ್ ಲೇಟ್’ ಎಂದು ಬರೆಯಿರಿ. ಹೊತ್ತಾಯಿತು, ಕತ್ತಲಾಗುತ್ತಿದೆ ಎಂಬ ಅರ್ಥದಲ್ಲಿ ‘ಇಟ್ ಈಸ್ ಗೆಟಿಂಗ್ ಲೇಟ್’ ಎಲ್ಲೆಡೆಯೂ ಸರಿ.

ಅಭ್ಯಾಸಕ್ಕೆ ಹೀಗೆ ಮಾಡಿ. ಒಂದು ವಾರ, ರಾತ್ರಿ ಮಲಗುವ ಮುನ್ನ, ಆ ದಿನ ನೀವೇ ಆಡಿದ ಐದು ಕನ್ನಡ ವಾಕ್ಯ ಬರೆಯಿರಿ. ಸಿಕ್ತು, ಬಂತು, ಆಯ್ತು, ಮಾಡಿಸಿದೆ, ಬೈಸ್ಕೊಂಡೆ, ಮುಟ್ಟಿದೆ, ಇವುಗಳಲ್ಲಿ ಒಂದಾದರೂ ಪ್ರತಿ ವಾಕ್ಯದಲ್ಲಿ ಇರಲಿ. ಪುಸ್ತಕದ ವಾಕ್ಯ ಬೇಡ, ನಿಮ್ಮ ದಿನದ್ದೇ ಆಗಬೇಕು. ಆಮೇಲೆ ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಬರೆದು ಬಾಯಿಬಿಟ್ಟು ಓದಿ. ಮೂರನೇ ದಿನದ ಹೊತ್ತಿಗೆ ‘ಇಸ್ಕೊಂಡೆ’ ಅನ್ನುವಾಗಲೇ ‘ಗಾಟ್’ ನೆನಪಾಗಲು ಶುರುವಾಗುತ್ತದೆ. ನಾಳೆಯೇ ಬರೆಯಬಹುದಾದ ಒಂದನ್ನು ನಾನು ಕೊಡುತ್ತೇನೆ: ‘ಸಹಿ ಮಾಡಿಸ್ಕೊಂಡೆ, ಬಿಲ್ಲಿನ ವಿಷಯ ನಾಲ್ಕರೊಳಗೆ ತಿಳಿಸ್ತೀನಿ.’ ಐ ಗಾಟ್ ಇಟ್ ಸೈನ್ಡ್, ವಿಲ್ ಗೆಟ್ ಬ್ಯಾಕ್ ಟು ಯು ಅಬೌಟ್ ದ ಬಿಲ್ ಬೈ ಫೋರ್. ಮ್ಯಾನೇಜರ್‌ಗೆ ಇದನ್ನು ಹೀಗೆಯೇ ಕಳಿಸಬಹುದು.

ಕೊನೆಯದಾಗಿ ‘ಗಾಟನ್’. ನಿಮ್ಮ ಗ್ರಾಹಕರು ತಪ್ಪು ಬರೆಯುತ್ತಿಲ್ಲ. ‘ಗಾಟನ್’ ಹಳೆಯ ರೂಪ. ಇಂಗ್ಲೆಂಡಿನಲ್ಲಿ ಅದರ ಬಳಕೆ ಕ್ಷೀಣಿಸಿ ‘ಗಾಟ್’ ಒಂದೇ ನಿಂತಿತು. ಅಮೆರಿಕಕ್ಕೆ ವಲಸೆ ಹೋದವರ ಮಾತಿನಲ್ಲಿ ಅದು ಉಳಿಯಿತು. ಬ್ರಿಟನ್ನಿನವರೂ ‘ಫಾರ್ಗಾಟನ್’ ಅನ್ನುವಾಗ ಅದೇ ಬಾಲವನ್ನು ಈಗಲೂ ಬಳಸುತ್ತಾರೆ. ಅಮೆರಿಕದವರಿಗೆ ಎರಡೂ ಬೇಕು, ಎರಡಕ್ಕೂ ಬೇರೆ ಕೆಲಸ. ‘ಐ ಹ್ಯಾವ್ 
ಗಾಟ್ ದ ಪೇಪರ್ಸ್’ ಅಂದರೆ ಕಾಗದಪತ್ರ ನನ್ನ ಹತ್ತಿರ ಇದೆ. ‘ಐ ಹ್ಯಾವ್ ಗಾಟನ್ ದ ಪೇಪರ್ಸ್’ ಅಂದರೆ ಕಾಗದಪತ್ರ ನನಗೆ ಸಿಕ್ಕಿದೆ. ‘ಇದೆ’ ಮತ್ತು ‘ಸಿಕ್ಕಿದೆ’ ಎಂದು ಕನ್ನಡದಲ್ಲಿ ಓದಿಕೊಂಡರೆ ಅವರ ಮೇಲ್ ನಿಮಗೆ ತಕ್ಷಣ ತಿಳಿಯುತ್ತದೆ. ನೀವು ಬರೆಯುವಾಗ ನಮ್ಮ ಶಾಲೆಗಳಲ್ಲಿ ಕಲಿಸಿದ ‘ಗಾಟ್’ ಅನ್ನೇ ಬರೆಯಿರಿ, ಅವರಿಗೂ ಅದು ತಿಳಿಯುತ್ತದೆ.